"ಮಾತಾಡ್ಲಿಕ್ಕುಂಟು" ಅಂದವರಿಗೆ ಮೊದಲು ಕಿವಿ ಕೊಡಿ

ಸುರತ್ಕಲ್‌ನ ಓದುಗರೊಬ್ಬರು ಮೂರು ಪುಟದ ಪತ್ರ ಬರೆದಿದ್ದಾರೆ. ಓದಿದಾಗಿನಿಂದ ಮನಸ್ಸಿಗೆ ಸಮಾಧಾನ ಇಲ್ಲ.

ಮದುವೆಯಾಗಿ ಆರು ವರ್ಷ. ಇವರಿಗೆ ಬೈಕಂಪಾಡಿಯಲ್ಲಿ ಕೆಲಸ, ಹೆಂಡತಿ ಶಾಲೆಯಲ್ಲಿ ಟೀಚರ್. ಕಂಪೆನಿಯಲ್ಲಿ ಬಾಡಿ ಲಾಂಗ್ವೇಜ್ ತರಬೇತಿ ನಡೆಯಿತಂತೆ. ನಾವು ಹೇಳುವುದರಲ್ಲಿ ಮಾತಿನ ಪಾಲು ಶೇ. 7 ಮಾತ್ರ, ಉಳಿದ 93 ದನಿ ಮತ್ತು ಮುಖದ್ದು ಎಂದು ತರಬೇತುದಾರರು ಬೋರ್ಡಿನಲ್ಲಿ ಬರೆದರಂತೆ. ಅಂದಿನಿಂದ ಇವರು ಹೆಂಡತಿಯನ್ನು ಗಮನಿಸುತ್ತಿದ್ದಾರೆ. ಟೀವಿ ನೋಡುವಾಗ ಕೈ ಕಟ್ಟಿ ಕೂರುತ್ತಾಳೆ. ಉತ್ತರ ಕೊಡುವಾಗ ಕಣ್ಣು ತಪ್ಪಿಸುತ್ತಾಳೆ. ಆಗಾಗ ಕುತ್ತಿಗೆ ಮುಟ್ಟಿಕೊಳ್ಳುತ್ತಾಳೆ. ಎಲ್ಲವೂ ತಾರೀಕು ಸಮೇತ ಫೋನಿನಲ್ಲಿದೆ. "ಅವಳು ಏನೋ ಮುಚ್ಚಿಡುತ್ತಿದ್ದಾಳೆ. ಕಂಡುಹಿಡಿಯುವುದು ಹೇಗೆ?" ಎಂದು ಕೇಳಿದ್ದಾರೆ.

ಸ್ವಾಮಿ, ನಿಮ್ಮ ಪತ್ರದ ಕೊನೇ ಪುಟದಲ್ಲಿ ಒಂದು ಸಾಲಿದೆ. "ನಡುವೆ ಎರಡು ಸಲ 'ಸ್ವಲ್ಪ ಮಾತಾಡ್ಲಿಕ್ಕುಂಟು' ಅಂದಳು, ನನಗೆ ಶಿಫ್ಟಿಗೆ ಹೊತ್ತಾಗಿತ್ತು." ಅಷ್ಟೇ. ಮುಂದಿನ ಸಾಲಿನಲ್ಲಿ ಮತ್ತೆ ಕುತ್ತಿಗೆಯ ವಿಷಯಕ್ಕೆ ಹೋಗಿದ್ದೀರಿ. ಹೇಳಲು ಬಂದವರನ್ನು ಎರಡು ಸಲ ವಾಪಸ್ ಕಳಿಸಿ, ಮುಚ್ಚಿಡುತ್ತಾಳೆ ಅನ್ನುವುದು ನ್ಯಾಯವಾ?

ನನಗೆ ನಿಮಗಿಂತ ಜಾಸ್ತಿ ಸಿಟ್ಟು ಬಂದದ್ದು ಆ ತರಬೇತುದಾರರ ಮೇಲೆ. ಆ ಲೆಕ್ಕ ಅಮೆರಿಕದ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಮೆಹ್ರಾಬಿಯನ್ ಅವರದ್ದು. 1967ರಲ್ಲಿ ಪ್ರಕಟವಾದ ಎರಡು ಪ್ರಯೋಗಗಳಿಂದ ಬಂದದ್ದು. ಬಿಡಿ ಪದಗಳನ್ನು ಬೇರೆ ಬೇರೆ ದನಿಯಲ್ಲಿ ಕೇಳಿಸಿ, ಮುಖದ ಫೋಟೊ ತೋರಿಸಿ, ಹೇಳಿದವರಿಗೆ ಇಷ್ಟವೋ ಅನಿಷ್ಟವೋ ಎಂದು ಕೇಳಿದ್ದರು. ಎಲ್ಲ ಮಾತುಕತೆಗೂ ಇದನ್ನು ಹಚ್ಚಬಾರದು ಎಂದು ಅವರೇ ಹೇಳಿದ್ದಾರೆ. ನಮ್ಮ ಊರಿನ ತಾಳಮದ್ದಲೆ ನೋಡಿ. ವೇಷವಿಲ್ಲ, ಕುಣಿತವಿಲ್ಲ. ಅರ್ಥಧಾರಿಗಳು ಕೂತಲ್ಲೇ ವಾದಿಸುತ್ತಾರೆ, ಜನ ಗಂಟೆಗಟ್ಟಲೆ ಕೇಳುತ್ತಾರೆ. ಮಾತಿನ ಪಾಲು ಏಳೇ ಆಗಿದ್ದರೆ ಯಾರು ಕೂರುತ್ತಿದ್ದರು?

ಕಣ್ಣು ತಪ್ಪಿಸಿದರೆ ಸುಳ್ಳು ಅನ್ನುವುದೂ ಹಾಗೆಯೇ. ಲೋಕವೆಲ್ಲ ನಂಬುವ ಮಾತು, ಆದರೆ ಸಂಶೋಧನೆಯಲ್ಲಿ ನಿಲ್ಲುವುದಿಲ್ಲ. ಚಾರ್ಲ್ಸ್ ಬಾಂಡ್ ಮತ್ತು ಬೆಲ್ಲಾ ಡಿಪಾಲೊ 2006ರಲ್ಲಿ ನೂರಾರು ಪ್ರಯೋಗಗಳನ್ನು ಒಟ್ಟು ಮಾಡಿ ನೋಡಿದರು. ಯಾವುದು ಸುಳ್ಳು, ಯಾವುದು ನಿಜ ಎಂದು ಜನ ಸರಿಯಾಗಿ ಹೇಳಿದ್ದು ನೂರಕ್ಕೆ ಸುಮಾರು 54 ಸಲ. ನಾಣ್ಯ ಚಿಮ್ಮಿದರೂ 50 ಬರುತ್ತದೆ. ಇಷ್ಟನ್ನು ನಂಬಿ ಆರು ವರ್ಷದ ಸಂಸಾರವನ್ನು ಅಳೆಯುತ್ತೀರಾ?

ಹಾಗಂತ ಮೈಯ ಭಾಷೆಗೆ ಬೆಲೆಯೇ ಇಲ್ಲ ಎನ್ನುತ್ತಿಲ್ಲ. ಒಬ್ಬರು ಎಂದಿನಂತೆ ಇಲ್ಲ ಎಂಬುದು ಹತ್ತಿರದವರಿಗೆ ಬೇಗ ಗೊತ್ತಾಗುತ್ತದೆ. ನಿಮಗೂ ಗೊತ್ತಾಗಿದೆ, ಅದನ್ನು ಒಪ್ಪುತ್ತೇನೆ. ಆದರೆ ಏನೋ ಆಗಿದೆ ಎಂದಷ್ಟೇ ಮೈ ಹೇಳುತ್ತದೆ. ಏನಾಗಿದೆ ಎಂದು ಬಾಯಿಯೇ ಹೇಳಬೇಕು. ದಿನವಿಡೀ ತಲೆ ತಗ್ಗಿಸಿ ಮಕ್ಕಳ ಪುಸ್ತಕ ತಿದ್ದುವವರಿಗೆ ಕುತ್ತಿಗೆ ನೋಯುತ್ತಿರಬಹುದು. ಒಮ್ಮೆಯಾದರೂ ಕೇಳಿದ್ದೀರಾ? ಮತ್ತೆ, ಮನೆಯವರೇ ದಿಟ್ಟಿಸುತ್ತಾ ಕೂತರೆ ಯಾರ ಕಣ್ಣಾದರೂ ಪಕ್ಕಕ್ಕೆ ಹೋಗುತ್ತದೆ ಅಲ್ವಾ? ಬಾಯಿ ಇರುವವರನ್ನು ಬಾಯಿಬಿಟ್ಟು ಕೇಳಿ ಎಂದು ಈ ಅಂಕಣದಲ್ಲಿ ಎಷ್ಟೋ ಸಲ ಬರೆದಿದ್ದೇನೆ. ಇನ್ನೂ ಬರೆಯುತ್ತೇನೆ.

ಅವರು ಏನು ಹೇಳಲು ಬಂದಿದ್ದರೋ ನನಗೆ ಗೊತ್ತಿಲ್ಲ. ನಿಮಗೆ ಕಷ್ಟವಾಗುವ ವಿಷಯವೇ ಇರಬಹುದು. ಆದರೂ ಮಾಡಬೇಕಾದ್ದು ಒಂದೇ. ಈ ಭಾನುವಾರ ಸಂಜೆ ಇಬ್ಬರೂ ಪಣಂಬೂರು ಕಡಲ ಬದಿಗೆ ಹೋಗಿ. ಪಕ್ಕಪಕ್ಕದಲ್ಲಿ ನಡೆಯಿರಿ, ಮುಖ ನೋಡುವ ಅಗತ್ಯವೇ ಬೀಳುವುದಿಲ್ಲ. "ಅವತ್ತು ಮಾತಾಡ್ಲಿಕ್ಕುಂಟು ಅಂದಿದ್ದೆ, ನಾನು ಕೇಳಲಿಲ್ಲ. ಈಗ ಹೇಳು" ಅನ್ನಿ. ಅವರು ಮುಗಿಸುವ ತನಕ ನಡುವೆ ಬಾಯಿ ಹಾಕಬೇಡಿ. ಫೋನಿನಲ್ಲಿ ಬರೆದಿಟ್ಟದ್ದನ್ನೆಲ್ಲ ಹೊರಡುವ ಮೊದಲೇ ಅಳಿಸಿಬಿಡಿ.