ವಿಂಡೋಸ್, ಲಿನಕ್ಸ್, ಇಎಸ್‌ಪಿ32 ಮೂರಕ್ಕೂ ಸಿ ಭಾಷೆಯಲ್ಲಿ ಒಂದೇ ಸಾಕೆಟ್ ಲೇಯರ್ ಬರೆಯುವುದು ಹೇಗೆ?

ಬೇರೆಯವರೂ ಓದುತ್ತಾರೆಂದು ನಿಮ್ಮ ಪ್ರಶ್ನೆಯನ್ನು ಮೊದಲು ಚಿಕ್ಕದಾಗಿ ಹೇಳುತ್ತೇನೆ. ಮೂಡಿಗೆರೆ ಕಡೆಯ ಕಾಫಿ ತೋಟದಲ್ಲಿ ನಾಲ್ಕು ಮಳೆಮಾಪಕ, ಒಂದೊಂದಕ್ಕೂ ಒಂದು ಇಎಸ್‌ಪಿ32 ಬೋರ್ಡು (ವೈ-ಫೈ ಇರುವ ಚಿಪ್ಪಿನ ಪುಟ್ಟ ಕಂಪ್ಯೂಟರ್). ತೋಟದ ಆಫೀಸಿನಲ್ಲಿ ರೈಟರ್ ಕೂರುವ ಮೇಜಿನ ಮೇಲೆ ವಿಂಡೋಸ್ ಕಂಪ್ಯೂಟರ್, ಚಿಕ್ಕಮಗಳೂರಿನಲ್ಲಿ ಲಿನಕ್ಸ್ ಸರ್ವರ್. ಸಾಕೆಟ್ ಎಂದರೆ ಪ್ರೋಗ್ರಾಮ್ ನೆಟ್‌ವರ್ಕ್‌ನಲ್ಲಿ ಮಾತಾಡಲು ತೆರೆಯುವ ಕೊಂಡಿ; ಅದನ್ನು ನಡೆಸಲು ಮೂರಕ್ಕೂ ಒಂದೇ ಸಿ ಕೋಡ್ ಬೇಕು. ಸಾಕೆಟ್ ಮುಚ್ಚುವ ವಿಂಡೋಸಿನ ಕ್ಲೋಸ್‌ಸಾಕೆಟ್, ಲಿನಕ್ಸ್‌ನ ಕ್ಲೋಸ್ ಎರಡನ್ನೂ ಒಂದು ಮ್ಯಾಕ್ರೋದಡಿ ತಂದಿದ್ದೀರಿ, ಕಂಪೈಲ್ ಕೂಡ ಆಗುತ್ತಿದೆ. ಆದರೆ ವಿಂಡೋಸಿನಲ್ಲಿ ನಾನ್‌ಬ್ಲಾಕಿಂಗ್ ಕನೆಕ್ಟ್ (ಮುಗಿಯುವವರೆಗೆ ಕಾಯದೆ ತಕ್ಷಣ ವಾಪಸಾಗುವ ಕರೆ) ಪ್ರತಿ ಸಲವೂ ಫೇಲ್ ಅನ್ನುತ್ತದೆ, ಮಳೆ ಜೋರಾದ ದಿನ ಬೋರ್ಡು ಅಲ್ಲಾಡದೆ ಕೂತುಬಿಡುತ್ತದೆ.

ಮೊದಲ ಸಮಸ್ಯೆಯ ಮೂಲ ಇದು: ಹೆಸರುಗಳು ಒಂದಾದವು, ಅರ್ಥಗಳು ಬೇರೆಬೇರೆಯಾಗಿಯೇ ಉಳಿದವು. ಸಾಕೆಟ್ ಫಂಕ್ಷನ್‌ಗಳು 1983ರ 4.2 ಬಿಎಸ್‌ಡಿ ಯುನಿಕ್ಸ್‌ನಿಂದ ಬಂದವು. ವಿಂಡೋಸಿನ ಸಾಕೆಟ್ ಲೈಬ್ರರಿಯಾದ ವಿನ್‌ಸಾಕ್ ಆ ಹೆಸರುಗಳನ್ನು ತೆಗೆದುಕೊಂಡಿತು, ಎರರ್ ನಂಬರುಗಳನ್ನು ಮಾತ್ರ ತನ್ನದೇ ಮಾಡಿಕೊಂಡಿತು. ನಿಮ್ಮ ಕನೆಕ್ಟ್ ಸಮಸ್ಯೆ ಇಲ್ಲೇ ಇದೆ ಅನ್ನುವುದು ನನ್ನ ಅಂದಾಜು. ಲಿನಕ್ಸ್‌ನಲ್ಲಿ ನಾನ್‌ಬ್ಲಾಕಿಂಗ್ ಕನೆಕ್ಟ್ 'ಈಇನ್‌ಪ್ರೋಗ್ರೆಸ್' (ಇನ್ನೂ ನಡೆಯುತ್ತಿದೆ) ಕೊಡುತ್ತದೆ. ವಿಂಡೋಸಿನಲ್ಲಿ ಅದೇ ಜಾಗದಲ್ಲಿ ಬರುವುದು 'ಡಬ್ಲ್ಯೂಎಸ್‌ಎ ಈವುಡ್‌ಬ್ಲಾಕ್', ನಂಬರ್ 10035, ಅದೂ ಸಿ ಭಾಷೆ ಎರರ್ ನಂಬರ್ ಇಡುವ ಎರ್‌ನೋದಲ್ಲಲ್ಲ, ಡಬ್ಲ್ಯೂಎಸ್‌ಎ ಗೆಟ್‌ಲಾಸ್ಟ್‌ಎರರ್‌ನಲ್ಲಿ. ಮೋಸ ಎಲ್ಲಿದೆ ಅಂದರೆ, ವಿಷುಯಲ್ ಸಿ ಕಂಪೈಲರಿನ ಎರ್‌ನೋ ಹೆಡರಿನಲ್ಲೂ ಈಇನ್‌ಪ್ರೋಗ್ರೆಸ್ 112, ಈವುಡ್‌ಬ್ಲಾಕ್ 140 ಎಂದು ಇವೆ. ಹಾಗಾಗಿ ಕಂಪೈಲರ್ ಚಕಾರ ಎತ್ತುವುದಿಲ್ಲ. ವಿನ್‌ಸಾಕ್ ಆ ನಂಬರುಗಳನ್ನು ಯಾವತ್ತೂ ಕೊಡುವುದಿಲ್ಲ, ನಿಮ್ಮ ಹೋಲಿಕೆ ಯಾವತ್ತೂ ನಿಜವಾಗುವುದಿಲ್ಲ.

ಆದ್ದರಿಂದ ಮ್ಯಾಕ್ರೋ ಫೈಲನ್ನು ತೆಗೆದುಹಾಕಿ. ಹೊರಗೆ ಕಾಣುವ ಹೆಡರ್ ಒಂದೇ ಇರಲಿ, ಅದರಲ್ಲಿ ಸಿಸ್ಟಮ್ ನೆಟ್‌ವರ್ಕ್ ಹೆಡರ್ ಒಂದೂ ಇರಬಾರದು. ಒಂದು ಸ್ಟ್ರಕ್ಟ್ ಹೆಸರನ್ನು ಮಾತ್ರ ಘೋಷಿಸಿ, ಒಳಗೇನಿದೆ ಎಂದು ಹೇಳಬೇಡಿ, ಬಳಸುವವರಿಗೆ ಪಾಯಿಂಟರ್ ಮಾತ್ರ ಸಿಗಲಿ. ಇದು ಬರೀ ಅಚ್ಚುಕಟ್ಟುತನದ ಮಾತಲ್ಲ. ವಿಂಡೋಸಿನಲ್ಲಿ ಸಾಕೆಟ್ ಎಂಬುದು ಪಾಯಿಂಟರ್ ಅಗಲದ ಅನ್‌ಸೈನ್ಡ್ ಸಂಖ್ಯೆ. ಅದನ್ನು ಅದೇ ಟೈಪಿನಲ್ಲಿ ಇಟ್ಟುಕೊಂಡು 'ಸೊನ್ನೆಗಿಂತ ಕಡಿಮೆಯೇ' ಎಂದು ಕೇಳಿದರೆ ಉತ್ತರ ಯಾವಾಗಲೂ ಇಲ್ಲ, ಫೇಲಾದ ಸಾಕೆಟ್ಟೂ ಪಾಸಾಗಿಬಿಡುತ್ತದೆ. ಇನ್‌ವ್ಯಾಲಿಡ್ ಸಾಕೆಟ್ ಎಂಬ ಬೆಲೆಗೇ ಹೋಲಿಸಬೇಕು. ಮತ್ತೆ ವಿನ್‌ಸಾಕ್2 ಹೆಡರ್ ವಿಂಡೋಸ್ ಹೆಡರಿಗಿಂತ ಮೊದಲು ಬರಬೇಕು, ಇಲ್ಲವಾದರೆ ಹಳೆಯ ವಿನ್‌ಸಾಕ್ ಒಳಗೆ ನುಗ್ಗಿ ಪುಟಗಟ್ಟಲೆ ರೀಡೆಫಿನಿಷನ್ ಎರರ್. ಇವೆಲ್ಲ ಒಂದು ಸಿ ಫೈಲಿನೊಳಗೆ ಮುಚ್ಚಿಕೊಂಡಿದ್ದರೆ ಉಳಿದ ಕೋಡಿಗೆ ಗೊತ್ತೇ ಆಗುವುದಿಲ್ಲ. ವಿಂಡೋಸಿಗೊಂದು ಫೈಲು, ಲಿನಕ್ಸ್‌ಗೊಂದು, ಇಎಸ್‌ಪಿ32ರ ನೆಟ್‌ವರ್ಕ್ ಲೈಬ್ರರಿ ಎಲ್‌ಡಬ್ಲ್ಯೂಐಪಿಗೊಂದು. ಯಾವುದು ಬೇಕೆಂದು ಮೇಕ್‌ಫೈಲ್ ಆರಿಸಲಿ. ಸಿಸ್ಟಮ್ ನೋಡಿ ಕೋಡ್ ಆರಿಸುವ ಇಫ್‌ಡೆಫ್ ಬೇರೆಲ್ಲೂ ಕಾಣಬಾರದು. ವಿನ್‌ಸಾಕ್ ಶುರುಮಾಡುವ ಡಬ್ಲ್ಯೂಎಸ್‌ಎ ಸ್ಟಾರ್ಟಪ್ ಅನ್ನು 2.2 ವರ್ಷನ್ ಕೇಳಿ ಲೇಯರಿನ ಇನಿಟ್ ಫಂಕ್ಷನ್‌ನಲ್ಲಿ ಕರೆಯಿರಿ. ಲಿನಕ್ಸ್‌ನಲ್ಲಿ ಆ ಇನಿಟ್ ಖಾಲಿ ಇದ್ದರೂ ಇರಲಿ.

ಈಗ ಮುಖ್ಯ ಭಾಗ, ಫಲಿತಾಂಶಗಳು. ನಾನಾದರೆ ಐದೇ ಇಡುತ್ತೇನೆ: ಆಯಿತು, ಈಗಾಗುವುದಿಲ್ಲ ಮತ್ತೆ ಬಾ, ಆಚೆಯವರು ಮುಚ್ಚಿದರು, ಗಡುವು ಮೀರಿತು, ಕೆಟ್ಟಿತು. ಮೂಲ ನಂಬರನ್ನು ಲಾಗ್‌ಗಾಗಿ ಸ್ಟ್ರಕ್ಟ್ ಒಳಗೆ ಉಳಿಸಿಕೊಳ್ಳಿ, ಆದರೆ ಮೇಲಿನ ಕೋಡ್ ಅದನ್ನು ನೋಡಿ ತೀರ್ಮಾನ ಮಾಡುವಂತಿರಬಾರದು. ಎಷ್ಟು ಬೈಟ್ ಹೋಯಿತು ಅನ್ನುವುದನ್ನು ರಿಟರ್ನ್ ಬೆಲೆಯಲ್ಲಿ ತುರುಕದೆ ಬೇರೆ ಪಾಯಿಂಟರಿನಲ್ಲಿ ಕೊಡಿ. ಕಾರಣ, ಸೊನ್ನೆಗೆ ಎರಡರ್ಥ. ಟಿಸಿಪಿಯಲ್ಲಿ ರಿಸೀವ್ ಸೊನ್ನೆ ಕೊಟ್ಟರೆ ಆಚೆಯವರು ಮುಚ್ಚಿದರು ಎಂದರ್ಥ. ಆದರೆ ಬಫರಿನಲ್ಲಿ ಜಾಗವೇ ಉಳಿಯದೆ ನೀವು ಸೊನ್ನೆ ಬೈಟ್ ಕೇಳಿದರೂ ಸೊನ್ನೆಯೇ ಬರುತ್ತದೆ. ಆಗ ಚೆನ್ನಾಗಿರುವ ಸಂಪರ್ಕವನ್ನು ನೀವೇ ಕಡಿದುಹಾಕುತ್ತೀರಿ. ಉದ್ದ ಸೊನ್ನೆಯಿದ್ದರೆ ಸಿಸ್ಟಮ್ ಕಾಲ್‌ವರೆಗೂ ಹೋಗಬೇಡಿ.

'ಈಇಂಟರ್' (ನಡುವೆ ಸಿಗ್ನಲ್ ಬಂದು ಕರೆ ನಿಂತಿತು) ಬಂದರೆ ಲೇಯರಿನೊಳಗೇ ಮತ್ತೆ ಪ್ರಯತ್ನಿಸಿ, ಮೇಲಕ್ಕೆ ಕಳಿಸಬೇಡಿ. ಕ್ಲೋಸ್ ಮಾತ್ರ ಇದಕ್ಕೆ ಹೊರತು. ಲಿನಕ್ಸ್‌ನಲ್ಲಿ ಕ್ಲೋಸ್ ಈಇಂಟರ್ ಕೊಟ್ಟರೂ ಸಾಕೆಟ್ಟಿನ ನಂಬರು ಆಗಲೇ ಬಿಡುಗಡೆಯಾಗಿರುತ್ತದೆ, ಅಷ್ಟರಲ್ಲಿ ಇನ್ನೊಂದು ಥ್ರೆಡ್ ಅದೇ ನಂಬರಿನಲ್ಲಿ ಫೈಲ್ ತೆರೆದಿದ್ದರೆ ನಿಮ್ಮ ಎರಡನೇ ಕ್ಲೋಸ್ ಅದನ್ನು ಮುಚ್ಚುತ್ತದೆ. ಎರರ್ ನಂಬರನ್ನು ಫೇಲಾದ ಮರುಸಾಲಿನಲ್ಲೇ ಎತ್ತಿಟ್ಟುಕೊಳ್ಳಿ. ನಡುವೆ ಒಂದು ಲಾಗ್ ಕರೆ ಬಂದರೂ ಎರ್‌ನೋ ಬದಲಾಗಬಹುದು.

ಕನೆಕ್ಟ್ ಅನ್ನು ಹಂತಹಂತವಾಗಿ ನೋಡೋಣ. ಸಾಕೆಟ್ ಮಾಡಿ, ನಾನ್‌ಬ್ಲಾಕಿಂಗ್‌ಗೆ ತನ್ನಿ (ಲಿನಕ್ಸ್‌ನಲ್ಲಿ ಎಫ್‌ಸಿಎನ್‌ಟಿಎಲ್, ವಿಂಡೋಸಿನಲ್ಲಿ ಐಆಕ್ಟಲ್‌ಸಾಕೆಟ್), ಕನೆಕ್ಟ್ ಕರೆಯಿರಿ. ಮೇಲೆ ಹೇಳಿದ ಎರಡು ನಂಬರುಗಳೂ ಲೇಯರಿನಲ್ಲಿ 'ಮತ್ತೆ ಬಾ' ಆಗಬೇಕು. ಆಮೇಲೆ ಬರೆಯಲು ಸಿದ್ಧವಾಗುವವರೆಗೆ ಕಾಯಿರಿ. ಸಿದ್ಧ ಎಂದಾಕ್ಷಣ ಗೆದ್ದೆವು ಎಂದುಕೊಳ್ಳಬೇಡಿ. ಲಿನಕ್ಸ್‌ನಲ್ಲಿ ಸೋತ ಕನೆಕ್ಟ್ ಕೂಡ 'ಬರೆಯಲು ಸಿದ್ಧ' ಎಂದೇ ಕಾಣುತ್ತದೆ. ಗೆಟ್‌ಸಾಕ್‌ಆಪ್ಟ್‌ನಲ್ಲಿ ಎಸ್‌ಒ ಎರರ್ ಓದಿ, ಸೊನ್ನೆಯಿದ್ದರೆ ಮಾತ್ರ ಆಯಿತು. ಒಮ್ಮೆ ಓದಿದರೆ ಅದು ಅಳಿಸಿಹೋಗುತ್ತದೆ, ಹಾಗಾಗಿ ಒಂದೇ ಕಡೆ ಓದಿ ಇಟ್ಟುಕೊಳ್ಳಿ. ಸಾಕೆಟ್ ಸಿದ್ಧವಾಗಲು ಕಾಯುವ ಸೆಲೆಕ್ಟ್ ಕರೆಯಲ್ಲಿ, ವಿಂಡೋಸಿನಲ್ಲಾದರೆ, ಸೋಲು ಬರುವುದು ಬರೆಯುವ ಸೆಟ್‌ನಲ್ಲಲ್ಲ, ಎಕ್ಸೆಪ್ಟ್ ಸೆಟ್‌ನಲ್ಲಿ. ಆ ಮೂರನೇ ಸೆಟ್‌ಗೆ ನಲ್ ಕೊಟ್ಟಿದ್ದರೆ ಗಡುವು ಮುಗಿಯುವವರೆಗೂ ಸುಮ್ಮನೆ ಕಾಯುತ್ತೀರಿ. ಇದೇ ಕೆಲಸದ ಡಬ್ಲ್ಯೂಎಸ್‌ಎ ಪೋಲ್ ಬಳಸೋಣವೆಂದರೆ, ವಿಂಡೋಸ್ 10ರ '2004' ಎಂಬ ವರ್ಷನ್‌ಗಿಂತ (ಅದು ಬಂದದ್ದು 2020ರಲ್ಲಿ) ಹಿಂದೆ ಅದು ಸೋತ ಕನೆಕ್ಟನ್ನು ತಿಳಿಸುತ್ತಲೇ ಇರಲಿಲ್ಲ. ತೋಟದ ಆಫೀಸಿನಲ್ಲಿ ಯಾವ ಕಾಲದ ವಿಂಡೋಸ್ ಇದೆಯೋ ಯಾರು ಬಲ್ಲರು, ಅಲ್ಲಿ ಸೆಲೆಕ್ಟ್ ಇರಲಿ. ಅದರ ಮಿತಿ ಮಾಮೂಲಿಗೆ 64 ಸಾಕೆಟ್, ನಿಮಗೆ ಧಾರಾಳ. ಲಿನಕ್ಸ್ ಕಡೆ ಮಾತ್ರ ಪೋಲ್ ಬಳಸಿ. ಅಲ್ಲಿ ಸೆಲೆಕ್ಟ್‌ನ ಸೆಟ್ 1024 ಬಿಟ್‌ಗಳದ್ದು, 1024 ಅಥವಾ ಅದಕ್ಕಿಂತ ಮೇಲಿನ ನಂಬರಿನ ಸಾಕೆಟ್ ಹಾಕಿದರೆ ಪಕ್ಕದ ಮೆಮೊರಿ ಕೆಡುತ್ತದೆ.

ಇನ್ನು ಮಳೆ ದಿನ ಬೋರ್ಡು ಕೂತುಬಿಡುವ ವಿಷಯ. ಕರೆಂಟು ಹೋಗಿ ಟವರ್ ಸತ್ತರೆ ಆಚೆಯಿಂದ 'ಮುಚ್ಚಿದೆ' ಎಂಬ ಸುದ್ದಿಯೇ ಬರುವುದಿಲ್ಲ, ಬರೀ ಮೌನ. ಬ್ಲಾಕಿಂಗ್ ರಿಸೀವ್ ಆ ಮೌನದಲ್ಲಿ ಎಷ್ಟು ಹೊತ್ತಾದರೂ ಕಾಯುತ್ತದೆ. ಆಚೆಯವರು ಇದ್ದಾರೆಯೇ ಎಂದು ವಿಚಾರಿಸುವ ಕೀಪ್‌ಅಲೈವ್ ಹಾಕಿದ್ದೀನಲ್ಲ ಅನ್ನಬಹುದು. ಲಿನಕ್ಸ್‌ನಲ್ಲಿ ಅದರ ಮೊದಲ ವಿಚಾರಣೆ ಹೋಗುವುದೇ 7200 ಸೆಕೆಂಡ್ ಸುಮ್ಮನಿದ್ದ ಮೇಲೆ, ಅಂದರೆ ಎರಡು ಗಂಟೆ. ಸೆಂಡ್ ಇನ್ನೂ ಮೋಸ. ಅದು 'ಆಯಿತು' ಅಂದರೆ ಕರ್ನಲ್ ಬಫರಿಗೆ ಹೋಯಿತು ಅಂತ ಅಷ್ಟೇ. ತಲುಪದ ಡೇಟಾವನ್ನು ಲಿನಕ್ಸ್ ಮಾಮೂಲಿ ಸೆಟ್ಟಿಂಗ್‌ನಲ್ಲಿ ಸುಮಾರು 15 ನಿಮಿಷ ಮತ್ತೆ ಮತ್ತೆ ಕಳಿಸಿ ನೋಡಿ ಆಮೇಲೆ ಕೈಚೆಲ್ಲುತ್ತದೆ.

ಪರಿಹಾರ ಎರಡು ಮಟ್ಟದಲ್ಲಿ. ಲೇಯರಿನಲ್ಲಿ, ಕಾಯುವ ಪ್ರತಿ ಫಂಕ್ಷನ್ನೂ ಗಡುವು ಕೇಳಲಿ. 'ಇಷ್ಟು ಸೆಕೆಂಡ್' ಎಂಬ ಅವಧಿ ಬೇಡ, 'ಈ ಹೊತ್ತಿನೊಳಗೆ' ಎಂಬ ಸಮಯ ಬೇಕು. ವ್ಯತ್ಯಾಸ ನೋಡಿ: ಒಂದೊಂದು ರಿಸೀವ್‌ಗೂ 5 ಸೆಕೆಂಡ್ ಕೊಟ್ಟಿದ್ದೀರಿ, ಕೆಟ್ಟ ಸಂಪರ್ಕದಲ್ಲಿ 4 ಸೆಕೆಂಡಿಗೊಂದು ಬೈಟ್ ತೊಟ್ಟಿಕ್ಕುತ್ತಿದೆ. 20 ಬೈಟಿನ ಸಂದೇಶಕ್ಕೆ 80 ಸೆಕೆಂಡ್ ಹೋಯಿತು, ಟೈಮ್‌ಔಟ್ ಒಮ್ಮೆಯೂ ಬರಲಿಲ್ಲ. ಗಡುವನ್ನು ಮುಂದಕ್ಕೆ ಮಾತ್ರ ಓಡುವ ಮಾನೊಟಾನಿಕ್ ಗಡಿಯಾರದಲ್ಲಿ ಲೆಕ್ಕ ಹಾಕಿ. ಗೋಡೆ ಗಡಿಯಾರವಾದರೆ ಎನ್‌ಟಿಪಿ (ನೆಟ್‌ವರ್ಕ್‌ನಿಂದ ಗಡಿಯಾರ ಹೊಂದಿಸುವ ಸೇವೆ) ಸಮಯ ಸರಿಪಡಿಸಿದ ಕೂಡಲೇ ಗಡುವು ಹಿಂದೆಮುಂದೆ ಹಾರುತ್ತದೆ. ಎಸ್‌ಒ ರಿಸೀವ್ ಟೈಮ್‌ಔಟ್ ಆಪ್ಷನ್ ನಂಬಬೇಡಿ: ವಿಂಡೋಸಿನಲ್ಲಿ ಅದಕ್ಕೆ ಮಿಲಿಸೆಕೆಂಡಿನ ಸಂಖ್ಯೆ ಬೇಕು, ಲಿನಕ್ಸ್‌ನಲ್ಲಿ ಟೈಮ್‌ವಾಲ್ ಸ್ಟ್ರಕ್ಟ್. ಸ್ಟ್ರಕ್ಟನ್ನೇ ವಿಂಡೋಸಿಗೂ ಕೊಟ್ಟರೆ ನಿಮ್ಮ 5 ಸೆಕೆಂಡ್ ಅಲ್ಲಿ 5 ಮಿಲಿಸೆಕೆಂಡ್ ಆಗುತ್ತದೆ.

ಎರಡನೆಯದು ಲೇಯರಿನ ಮೇಲಿನ ಕೆಲಸ. ಪ್ರತಿ ದಾಖಲೆಗೂ ಕ್ರಮಸಂಖ್ಯೆ ಕೊಡಿ, ಸರ್ವರ್ ಆ ಸಂಖ್ಯೆಯನ್ನು ವಾಪಸು ಕಳಿಸಿದ ಮೇಲೆಯೇ ಬೋರ್ಡಿನ ಫ್ಲ್ಯಾಶ್‌ನಿಂದ ಅಳಿಸಿ. ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಎಷ್ಟು ಬಿತ್ತೆಂದು ಅದೇ ದಿನ ಲೆಕ್ಕ ಬೇಕಾದಾಗ 1 ಇಂಚು 20 ಸೆಂಟ್ಸ್‌ನ (ಸೆಂಟ್ ಅಂದರೆ ಇಂಚಿನ ನೂರನೇ ಒಂದು ಭಾಗ) ದಾಖಲೆ ಕರ್ನಲ್ ಬಫರಿನಲ್ಲೇ ಸತ್ತಿತು ಅಂದರೆ ತೋಟದವರು ಒಪ್ಪುವುದಿಲ್ಲ. ಅದೇ ದಾಖಲೆ ಎರಡು ಸಲ ಬಂದರೆ ಸರ್ವರ್ ಕ್ರಮಸಂಖ್ಯೆ ನೋಡಿ ಒಂದನ್ನು ಬಿಡಲಿ, ಇಲ್ಲವಾದರೆ ಒಂದೇ ಮಳೆ ಎರಡು ಸಲ ಬೀಳುತ್ತದೆ.

ಸಂದೇಶದ ಗಡಿ ಗುರುತಿಸುವುದೂ ಸಾಕೆಟ್ ಲೇಯರಿನ ಕೆಲಸವಲ್ಲ, ಅದಕ್ಕೆ ಬೇರೆ ಫೈಲು ಮಾಡಿ. ಟಿಸಿಪಿಗೆ ಸಂದೇಶವೆಂಬುದೇ ಗೊತ್ತಿಲ್ಲ, ಬೈಟ್‌ಗಳ ಹರಿವು ಮಾತ್ರ ಗೊತ್ತು. 2 ಬೈಟ್ ಉದ್ದ, 20 ಬೈಟ್ ದಾಖಲೆ, ಒಟ್ಟು 22 ಎಂದಿಟ್ಟುಕೊಳ್ಳಿ. ಒಂದು ರಿಸೀವ್‌ನಲ್ಲಿ 31 ಬಂದರೆ ಒಂದು ಪೂರ್ತಿ ದಾಖಲೆ, ಮುಂದಿನದರ 9 ಬೈಟ್. ಆ 9ನ್ನು ಬಫರಿನ ಮೊದಲಿಗೆ ಸರಿಸಿ ಉಳಿದ 13ಕ್ಕೆ ಕಾಯಬೇಕು. ಮೊದಲ ರಿಸೀವ್‌ನಲ್ಲಿ 1 ಬೈಟ್ ಮಾತ್ರ ಬರುವುದೂ ಉಂಟು, ಆಗ ಉದ್ದವೇ ಇನ್ನೂ ಪೂರ್ತಿ ಗೊತ್ತಿಲ್ಲ. ಉದ್ದಕ್ಕೆ ಮೇಲ್ಮಿತಿ ಇಡಿ, ಸ್ಟ್ರಕ್ಟನ್ನು ಹಾಗೆಹಾಗೇ ಕಳಿಸಬೇಡಿ. ಸೆಂಡ್‌ಗೂ ಇದೇ ಮಾತು: 4096 ಕೊಟ್ಟರೆ 1460 ಹೋಯಿತು ಎನ್ನಬಹುದು. ಉಳಿದದ್ದನ್ನು ಕಳಿಸುವ ಸೆಂಡ್‌ಆಲ್ ಅನ್ನು ಗಡುವಿನ ಸಮೇತ ಒಂದೇ ಸಲ ಬರೆದಿಡಿ.

ಲೇಯರಿನೊಳಗೆ ಫಂಕ್ಷನ್ ಪಾಯಿಂಟರ್‌ಗಳ ಒಂದು ಟೇಬಲ್ ಇರಲಿ: ಕನೆಕ್ಟ್, ಸೆಂಡ್, ರಿಸೀವ್, ಕಾಯುವುದು, ಕ್ಲೋಸ್. ಐದು ಸಾಕು. ಇದರ ದೊಡ್ಡ ಲಾಭ ಟೆಸ್ಟಿಂಗ್. ನೆಟ್‌ವರ್ಕೇ ಇಲ್ಲದ, ಮೆಮೊರಿಯಲ್ಲಿ ಓಡುವ ನಕಲಿ ಬ್ಯಾಕೆಂಡ್ ಒಂದನ್ನು ಎಲ್ಲಕ್ಕಿಂತ ಮೊದಲು ಬರೆಯಿರಿ. ಅದು ಒಂದು ಸಲಕ್ಕೆ ಒಂದೇ ಬೈಟ್ ಕೊಡಲಿ, ಎರಡಕ್ಕೊಮ್ಮೆ 'ಮತ್ತೆ ಬಾ' ಅನ್ನಲಿ, ಸಂದೇಶದ ನಡುವೆ ಮುಚ್ಚಿಕೊಳ್ಳಲಿ. ಇದರ ಕೈಯಲ್ಲಿ ಬದುಕಿದ ಫ್ರೇಮಿಂಗ್ ಕೋಡ್ (ಸಂದೇಶದ ಗಡಿ ಗುರುತಿಸುವ ಕೋಡ್) ಚಾರ್ಮಾಡಿ ಘಾಟಿಯ ಸಿಗ್ನಲ್‌ನಲ್ಲೂ ಬದುಕುತ್ತದೆ.

ಡೇಟಾವನ್ನು ಗುಪ್ತವಾಗಿ ಸಾಗಿಸುವ ಟಿಎಲ್‌ಎಸ್ ಮುಂದೆ ಬೇಕು ಎಂದಿದ್ದೀರಿ. ಅದೂ ಇದೇ ಟೇಬಲ್‌ನಲ್ಲಿ ಕೂರುತ್ತದೆ, ಎರಡು ಕಡೆ ಎಚ್ಚರ ಬೇಕು. ಎಂಬೆಡ್‌ಟಿಎಲ್‌ಎಸ್ ಎಂಬ ಲೈಬ್ರರಿಯಲ್ಲಿ ಬರೆಯಲು ಹೋದಾಗ 'ಓದಬೇಕು' ಎಂಬ ಉತ್ತರ ಬರಬಹುದು, ಆದ್ದರಿಂದ 'ಮತ್ತೆ ಬಾ' ಜೊತೆಗೆ ಯಾವ ದಿಕ್ಕಿಗೆ ಕಾಯಬೇಕು ಎಂಬುದನ್ನೂ ನಿಮ್ಮ ಸ್ಟ್ರಕ್ಟ್ ನೆನಪಿಟ್ಟುಕೊಳ್ಳಬೇಕು. ಎರಡನೆಯದು ಕಣ್ಣಿಗೆ ಬೀಳುವುದೇ ಕಷ್ಟ: ಟಿಎಲ್‌ಎಸ್ ಲೈಬ್ರರಿ ಸಾಕೆಟ್ಟಿನಿಂದ ಇಡೀ ರೆಕಾರ್ಡ್ ಎಳೆದು ತನ್ನ ಬಫರಿನಲ್ಲಿ ಇಟ್ಟುಕೊಂಡಿರುತ್ತದೆ, ನೀವು ಅರ್ಧ ಓದಿ ಸೆಲೆಕ್ಟ್‌ಗೆ ಹೋದರೆ ಅದು 'ಏನೂ ಇಲ್ಲ' ಅನ್ನುತ್ತದೆ. ಕಾಯುವ ಫಂಕ್ಷನ್ ಮೊದಲು ಲೈಬ್ರರಿಯ ಬಫರನ್ನು ಕೇಳಿ ಆಮೇಲೆ ಸಾಕೆಟ್ಟಿಗೆ ಹೋಗಲಿ.

ಚಿಲ್ಲರೆ ವಿಷಯಗಳನ್ನು ಬೇಗ ಹೇಳಿಬಿಡುತ್ತೇನೆ. ಆಚೆಯವರು ಮುಚ್ಚಿದ ಸಾಕೆಟ್ಟಿಗೆ ಬರೆದರೆ ಸಿಗ್‌ಪೈಪ್ ಎಂಬ ಸಿಗ್ನಲ್ ಬಂದು ಇಡೀ ಪ್ರೋಗ್ರಾಮ್ ಸಾಯುತ್ತದೆ, ಲಿನಕ್ಸ್‌ನಲ್ಲಿ ಪ್ರತಿ ಸೆಂಡ್‌ಗೂ ನೋಸಿಗ್ನಲ್ ಫ್ಲ್ಯಾಗ್ ಹಾಕಿ. ರೀಯೂಸ್‌ಅಡ್ರ್ ಆಪ್ಷನ್ ಲಿನಕ್ಸ್ ಸರ್ವರಿಗೆ ಬೇಕು, ಇಲ್ಲವಾದರೆ ರೀಸ್ಟಾರ್ಟ್ ಮಾಡಿದಾಗ ಟೈಮ್‌ವೇಟ್‌ನ (ಮುಚ್ಚಿದ ಸಂಪರ್ಕವನ್ನು ಕರ್ನಲ್ ಸ್ವಲ್ಪ ಹೊತ್ತು ಉಳಿಸಿಕೊಳ್ಳುವ ಸ್ಥಿತಿ) 60 ಸೆಕೆಂಡ್ ಪೋರ್ಟ್ ಸಿಗದಿರಬಹುದು. ವಿಂಡೋಸಿನಲ್ಲಿ ಅದೇ ಆಪ್ಷನ್ ಇನ್ನೊಂದು ಪ್ರೋಗ್ರಾಮಿಗೆ ನಿಮ್ಮ ಪೋರ್ಟ್ ಕಸಿದುಕೊಳ್ಳಲು ದಾರಿ ಮಾಡುತ್ತದೆ, ಅಲ್ಲಿ ಎಕ್ಸ್‌ಕ್ಲೂಸಿವ್‌ಅಡ್ರ್‌ಯೂಸ್ ಹಾಕಿ. ಲಿಸನ್ ಸಾಕೆಟ್ಟಿನ ನಾನ್‌ಬ್ಲಾಕಿಂಗ್ ಗುಣ ಅಕ್ಸೆಪ್ಟ್ ಆದ ಸಾಕೆಟ್ಟಿಗೆ ವಿಂಡೋಸಿನಲ್ಲಿ ಬರುತ್ತದೆ, ಲಿನಕ್ಸ್‌ನಲ್ಲಿ ಬರುವುದಿಲ್ಲ. ಎರಡರಲ್ಲೂ ನೀವೇ ಹಾಕಿಬಿಡಿ. ಹೆಸರಿನಿಂದ ವಿಳಾಸ ಹುಡುಕುವ ಗೆಟ್‌ಅಡ್ರ್‌ಇನ್ಫೋ ಬ್ಲಾಕ್ ಆಗುತ್ತದೆ, ನಿಮ್ಮ ಗಡುವು ಅದಕ್ಕೆ ಲೆಕ್ಕಕ್ಕಿಲ್ಲ. ಬೋರ್ಡಿನಲ್ಲಿ ವಿಳಾಸವನ್ನು ಒಮ್ಮೆ ಹುಡುಕಿ ಇಟ್ಟುಕೊಳ್ಳಿ, ಕನೆಕ್ಟ್ ಸೋತಾಗ ಮಾತ್ರ ಮತ್ತೆ ಹುಡುಕಿ. ಬೋರ್ಡಿಗೆ ಪ್ರೋಗ್ರಾಮ್ ಬರೆಯುವ ಇಎಸ್‌ಪಿ-ಐಡಿಎಫ್ ಕಿಟ್‌ನಲ್ಲಿ ಮಾಮೂಲಿಗೆ 10 ಸಾಕೆಟ್ ಮಾತ್ರ. ಸೋತ ಕನೆಕ್ಟಿನ ದಾರಿಯಲ್ಲಿ ಕ್ಲೋಸ್ ಮರೆತರೆ ಹತ್ತನೇ ಸೋಲಿನ ಹೊತ್ತಿಗೆ ಸಾಕೆಟ್ಟೇ ಹುಟ್ಟುವುದಿಲ್ಲ. ಇದು ಕೂಡ ನಿಮ್ಮ 'ಬೋರ್ಡು ಕೂತುಬಿಡುತ್ತದೆ'ಗೆ ಕಾರಣವಿರಬಹುದು, ನೋಡಿ.

ಸಾವಿರಾರು ಸಾಕೆಟ್ ಒಟ್ಟಿಗೆ ನೋಡಿಕೊಳ್ಳುವ ಲಿನಕ್ಸ್‌ನ ಇ-ಪೋಲ್, ವಿಂಡೋಸಿನ ಐಒಸಿಪಿ ಎರಡನ್ನೂ ಸೇರಿಸಲೇ ಎಂದಿದ್ದಿರಿ. ನಾಲ್ಕು ಮಳೆಮಾಪಕಕ್ಕೆ ಬೇಡವೇ ಬೇಡ. ಇ-ಪೋಲ್ 'ಈಗ ಓದಬಹುದು' ಅನ್ನುತ್ತದೆ, ಐಒಸಿಪಿ 'ಓದಿ ಮುಗಿಸಿದೆ' ಅನ್ನುತ್ತದೆ. ಇವೆರಡನ್ನು ಒಂದೇ ಇಂಟರ್‌ಫೇಸಿಗೆ ತರಲು ಹೋದರೆ ಬಫರ್ ಯಾರದ್ದು ಎಂಬ ಪ್ರಶ್ನೆಯಲ್ಲೇ ಲೇಯರ್ ಎರಡು ಪಟ್ಟು ಊದಿಕೊಳ್ಳುತ್ತದೆ.

ಟೆಸ್ಟ್ ಮಾಡುವಾಗ ಸರ್ವರ್ ಪ್ರೋಗ್ರಾಮನ್ನು ಕೊಂದು ನೋಡಿದರೆ ಸಾಲದು, ಆಗ ಕರ್ನಲ್ ಮರ್ಯಾದೆಯಾಗಿ ಫಿನ್ ಅಥವಾ ರೀಸೆಟ್ (ಸಂಪರ್ಕ ಮುಗಿಯಿತೆಂಬ ಸುದ್ದಿ) ಕಳಿಸುತ್ತದೆ. ಲಿನಕ್ಸ್ ಯಂತ್ರದಲ್ಲಿ ಐಪಿಟೇಬಲ್ಸ್ ಎಂಬ ಫೈರ್‌ವಾಲ್‌ನಿಂದ ಆ ಪೋರ್ಟಿನ ಪ್ಯಾಕೆಟ್‌ಗಳನ್ನು ಡ್ರಾಪ್ ಮಾಡಿ. ರಿಜೆಕ್ಟ್ ಹಾಕಬೇಡಿ, ಅದು ಉತ್ತರ ಕೊಡುತ್ತದೆ. ಡ್ರಾಪ್ ಹಾಕಿ ಅರ್ಧ ಗಂಟೆ ಬಿಟ್ಟು ತೆಗೆಯಿರಿ. ಬೋರ್ಡು ಗಡುವಿನೊಳಗೆ ಕೈಬಿಟ್ಟು, ಹಳೆಯ ಸಾಕೆಟ್ ಮುಚ್ಚಿ, ಮತ್ತೆ ಕನೆಕ್ಟ್ ಆಗಿ, ಫ್ಲ್ಯಾಶ್‌ನಲ್ಲಿದ್ದ ದಾಖಲೆಗಳನ್ನು ಕ್ರಮವಾಗಿ ಕಳಿಸಬೇಕು. ಇದು ಹತ್ತು ಸುತ್ತು ಸರಿಯಾಗಿ ನಡೆದ ಮೇಲೆ ಬೋರ್ಡನ್ನು ಪೆಟ್ಟಿಗೆಯಲ್ಲಿ ಮುಚ್ಚಿ ತೋಟಕ್ಕೆ ಒಯ್ಯಿರಿ.