ಸಂಪಾದಕರ ಉತ್ತರ: ಕಾವೇರಿ ನೀರು ಮತ್ತು ಕರಿ ಕೋಟು

ಬಸವೇಶ್ವರನಗರದ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ನಿವೃತ್ತ ಎಂಜಿನಿಯರು. ಪತ್ರದ ತಿರುಳು ಇಷ್ಟು: "ಈ ದೇಶವನ್ನು ವಕೀಲರು ಹಾಳು ಮಾಡಿದರು. ರಸ್ತೆ ಅಗಲ ಮಾಡಲು ಹೋದರೆ ಸ್ಟೇ, ಸೇತುವೆ ಕಟ್ಟಲು ಹೋದರೆ ಪಿಐಎಲ್ (ಸಾರ್ವಜನಿಕ ಹಿತಾಸಕ್ತಿ ಅರ್ಜಿ). ಆಡಳಿತ ವಿಶ್ವೇಶ್ವರಯ್ಯನವರಂಥ ಎಂಜಿನಿಯರುಗಳ ಕೈಗೆ ಬರಬೇಕು. ಇಲ್ಲವೇ ಕಂಪನಿ ನಡೆಸಿ ಗೊತ್ತಿರುವವರಿಗೆ ಕೊಡಿ. ವಕೀಲರು ಕೋರ್ಟಿನೊಳಗೇ ಇರಲಿ. ನನ್ನ ಮೊಮ್ಮಗಳು ಕಾನೂನು ಓದುತ್ತೇನೆ ಅಂದಳು, ಬೇಡ ಅಂತ ಬುದ್ಧಿ ಹೇಳಿದ್ದೇನೆ. ನಿಮ್ಮ ಅಭಿಪ್ರಾಯ ತಿಳಿಸಿ."

ತಿಳಿಸುತ್ತೇನೆ ಸ್ವಾಮಿ. ನೀವು ನಮ್ಮ ಹಳೆಯ ಓದುಗರು. ನಿಮ್ಮ ಅಕ್ಷರ ನೋಡಿದರೆ ಸಾಕು, ಯಾರ ಪತ್ರ ಅಂತ ಗೊತ್ತಾಗುತ್ತದೆ. ಆದ್ದರಿಂದ ಮುಚ್ಚುಮರೆ ಇಲ್ಲದೆ ಬರೆಯುತ್ತೇನೆ.

ಮೊದಲು ಒಪ್ಪಬೇಕಾದದ್ದನ್ನು ಒಪ್ಪಿಬಿಡೋಣ. ಸುಮ್ಸುಮ್ನೆ ಡೇಟ್ ಕೇಳುವ ವಕೀಲರು ಇದ್ದಾರೆ. ಕೋರ್ಟು ಬಹಿಷ್ಕಾರ ಅಂತ ಬಡ ಕಕ್ಷಿದಾರರನ್ನು ಬಾಗಿಲಿನಿಂದಲೇ ವಾಪಸ್ ಕಳಿಸುವುದೂ ನಡೆಯುತ್ತದೆ. 2012ರ ಮಾರ್ಚಿನಲ್ಲಿ ಇದೇ ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿನ ಆವರಣದಲ್ಲಿ ವಕೀಲರಿಗೂ ಪತ್ರಕರ್ತರಿಗೂ ಆದ ಹೊಡೆದಾಟವನ್ನು ನಮ್ಮ ಕಸುಬಿನವರು ಯಾರೂ ಮರೆತಿಲ್ಲ. ಇಷ್ಟು ನಿಮ್ಮ ಪಾಲಿಗೆ.

ಇನ್ನು ವಿಶ್ವೇಶ್ವರಯ್ಯನವರ ವಿಷಯ. ಅವರ ಹೆಸರು ತೆಗೆದದ್ದು ಒಳ್ಳೆಯದೇ ಆಯಿತು. ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಶುರುವಾಯಿತು. ನಕ್ಷೆ, ಲೆಕ್ಕ ಎಲ್ಲ ಪಕ್ಕಾ. ಆದರೆ ಕಟ್ಟೆ ಎಷ್ಟು ಎತ್ತರ ಏಳಬೇಕು ಅನ್ನುವುದು ಎಂಜಿನಿಯರುಗಳ ಕೈಯಲ್ಲಿ ಇರಲಿಲ್ಲ. ಮೈಸೂರಿಗೂ ಮದ್ರಾಸಿಗೂ ಆಗಿದ್ದ 1892ರ ಒಪ್ಪಂದದ ಪ್ರಕಾರ ಮದ್ರಾಸಿನ ಒಪ್ಪಿಗೆ ಬೇಕಿತ್ತು. ಮದ್ರಾಸು ಒಪ್ಪಲಿಲ್ಲ. ವ್ಯಾಜ್ಯ ಮಧ್ಯಸ್ಥಿಕೆಗೆ ಹೋಯಿತು. ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿ ಗ್ರಿಫಿನ್ ಎರಡೂ ಕಡೆಯ ವಾದ ಕೇಳಿ 1914ರಲ್ಲಿ ತೀರ್ಪು ಕೊಟ್ಟರು. ಅದಕ್ಕೂ ಮದ್ರಾಸು ತಕರಾರು ತೆಗೆಯಿತು. 1924ರ ಒಪ್ಪಂದ ಆಗುವವರೆಗೆ ಜಗಳ ಬಗೆಹರಿಯಲಿಲ್ಲ. ಅಂದರೆ ನಾವು ಇವತ್ತು ನೋಡುವ ಆ ಕಟ್ಟೆಯ ಹಿಂದೆ ಕಲ್ಲು, ಸುರ್ಕಿ ಎಷ್ಟಿದೆಯೋ ವಾದ, ಪ್ರತಿವಾದವೂ ಅಷ್ಟೇ ಇದೆ.

ಮುಂದಿನ ಕಥೆ ನಿಮ್ಮ ಮನೆಯ ನಲ್ಲಿಗೇ ಸೇರಿದ್ದು. 1990ರಲ್ಲಿ ಕಾವೇರಿ ನ್ಯಾಯಮಂಡಳಿ ಬಂತು. 2007ರಲ್ಲಿ ಅದು ಅಂತಿಮ ತೀರ್ಪು ಕೊಟ್ಟಾಗ ಬೆಂಗಳೂರಿಗೆ ಏಟು ಬಿತ್ತು. ಈ ಊರಿನ ಮೂರನೇ ಒಂದು ಭಾಗ ಮಾತ್ರ ಕಾವೇರಿ ಕೊಳ್ಳದಲ್ಲಿದೆ, ಆದ್ದರಿಂದ ಕುಡಿಯುವ ನೀರೂ ಅಷ್ಟಕ್ಕೇ ಅಂತ ಮಂಡಳಿ ಲೆಕ್ಕ ಹಾಕಿತ್ತು. ನಿಮ್ಮ ಬಸವೇಶ್ವರನಗರದ ಮಳೆನೀರು ವೃಷಭಾವತಿಗೆ ಇಳಿದು, ಅರ್ಕಾವತಿಯ ಮೂಲಕ ಕಾವೇರಿ ಸೇರುತ್ತದೆ. ವೈಟ್‌ಫೀಲ್ಡಿನದು ದಕ್ಷಿಣ ಪಿನಾಕಿನಿಯ ಕಡೆ ಹರಿಯುತ್ತದೆ. ಹಾಗಂತ ವೈಟ್‌ಫೀಲ್ಡಿನವರಿಗೆ ಬಾಯಾರಿಕೆ ಆಗುವುದಿಲ್ಲವೇ? ಈ ಪ್ರಶ್ನೆಯನ್ನು ಸುಪ್ರೀಂ ಕೋರ್ಟಿನ ಮುಂದೆ ಇಟ್ಟು ಗೆದ್ದವರು ವಕೀಲರು. 2018ರ ಫೆಬ್ರವರಿ 16ರ ತೀರ್ಪಿನಲ್ಲಿ ಕರ್ನಾಟಕಕ್ಕೆ 14.75 ಟಿಎಂಸಿ ಜಾಸ್ತಿ ಸಿಕ್ಕಿತು. ಅದರಲ್ಲಿ 4.75 ಟಿಎಂಸಿ ಬೆಂಗಳೂರಿನ ಕುಡಿಯುವ ನೀರಿಗೆ. ಕಾವೇರಿಯನ್ನು ನೂರು ಕಿಲೋಮೀಟರ್ ದೂರದಿಂದ ಪಂಪು ಮಾಡಿ ಇಷ್ಟು ಎತ್ತರಕ್ಕೆ ತರುವುದು ನಿಮ್ಮವರ ಸಾಹಸ. ನಾನು ಅದಕ್ಕೆ ಕೈ ಮುಗಿಯುತ್ತೇನೆ. ಆದರೆ ಪಂಪು ಮಾಡಲು ನೀರಿನ ಹಕ್ಕು ಮೊದಲು ಇರಬೇಕಲ್ವಾ?

ಅದೇ ವ್ಯಾಜ್ಯದ ಇನ್ನೊಂದು ಘಟನೆ ನನಗೆ ಇದಕ್ಕಿಂತ ದೊಡ್ಡದು. 2016ರ ಸೆಪ್ಟೆಂಬರು. ತಮಿಳುನಾಡಿಗೆ ನೀರು ಬಿಡಿ ಅಂತ ಸುಪ್ರೀಂ ಕೋರ್ಟು ಹೇಳಿತ್ತು. ಕುಡಿಯುವುದಕ್ಕೆ ಬಿಟ್ಟು ಬೇರೆ ಯಾವುದಕ್ಕೂ ನೀರಿಲ್ಲ ಅಂತ ನಮ್ಮ ವಿಧಾನಮಂಡಲ ನಿರ್ಣಯ ಮಾಡಿತು. ಆಗ ದಶಕಗಳಿಂದ ಕರ್ನಾಟಕದ ಪರ ನಿಂತಿದ್ದ ಹಿರಿಯ ವಕೀಲ ಫಾಲಿ ನಾರಿಮನ್, ಆದೇಶ ಪಾಲನೆ ಆಗುವವರೆಗೆ ತಾವು ರಾಜ್ಯದ ಪರ ವಾದ ಮಾಡಲಾಗದು ಅಂತ ಕೋರ್ಟಿನಲ್ಲೇ ಹೇಳಿದರು. ಇಲ್ಲಿ ಅವರನ್ನು ಬದಲಿಸಿ ಅಂತ ಕೂಗೆದ್ದಿತು. ನನಗೆ ಮಾತ್ರ ಅವತ್ತು ಅವರ ಮೇಲಿನ ಗೌರವ ಹೆಚ್ಚಾಯಿತು. ತನ್ನ ಕಕ್ಷಿದಾರ ಒಂದು ಸರ್ಕಾರ, ಬೀದಿಯಲ್ಲಿ ಬೆಂಕಿ, ಆದರೂ ಕಾನೂನು ನಿನಗಿಂತ ಮೇಲೆ ಅಂತ ಮುಖದ ಮೇಲೆ ಹೇಳಿದರು. ಯಾವ ಕಂಪನಿಯ ಮ್ಯಾನೇಜರು ತನ್ನ ಧಣಿಗೆ ಹೀಗೆ ಹೇಳಿಯಾನು? ಮರುವರ್ಷ ಅವರೇ ಬಂದು ಕರ್ನಾಟಕದ ಪರ ವಾದಿಸಿದರು. ಅದರ ಫಲವೇ 2018ರ ತೀರ್ಪು.

ವಕೀಲರು ಕೋರ್ಟಿನೊಳಗೇ ಇರಲಿ ಅಂದಿರಿ. ಅವರು ಹಾಗೆ ಇದ್ದಿದ್ದರೆ ಈ ನಾಡು ಎಲ್ಲಿರುತ್ತಿತ್ತು? ವಿಧಾನಸೌಧ ಕಟ್ಟಿಸಿದ ಕೆಂಗಲ್ ಹನುಮಂತಯ್ಯ ವಕೀಲರು. ಚಿತ್ರದುರ್ಗದ ಕೋರ್ಟಿನಿಂದ ಎದ್ದು ಬಂದ ನಿಜಲಿಂಗಪ್ಪ ವಕೀಲರು. ಏಕೀಕರಣಕ್ಕೆ ಬದುಕನ್ನೇ ಕೊಟ್ಟ ಧಾರವಾಡದ ಆಲೂರು ವೆಂಕಟರಾಯರು ಓದಿದ್ದು ಕಾನೂನು. ಇನ್ನು ಸದಾಶಿವನಗರ. ದಿನಾ ಆ ಕಡೆ ಓಡಾಡುವ ಎಷ್ಟು ಜನಕ್ಕೆ ಆ ಸದಾಶಿವ ಯಾರು ಅಂತ ಗೊತ್ತು? ಮಂಗಳೂರಿನ ವಕೀಲ ಕಾರ್ನಾಡ್ ಸದಾಶಿವರಾಯರು. ಅನುಕೂಲಸ್ಥರ ಮನೆಯಲ್ಲಿ ಹುಟ್ಟಿದವರು. ಗಾಂಧೀಜಿ ಕರೆದಾಗ ವಕೀಲಿಕೆ ಬಿಟ್ಟರು, ಇದ್ದದ್ದನ್ನೆಲ್ಲ ಚಳವಳಿಗೆ ಸುರಿದರು, ಜೈಲಿಗೆ ಹೋದರು. 1937ರಲ್ಲಿ ತೀರಿಕೊಂಡಾಗ ಕೈಯಲ್ಲಿ ಕಾಸಿರಲಿಲ್ಲ. ಇವತ್ತು ಅವರ ಹೆಸರಿನ ಬಡಾವಣೆಯಲ್ಲಿ ಸೈಟಿನ ರೇಟು ಕೇಳಿ ನೋಡಿ. ನನಗೆ ಹೊಟ್ಟೆ ಉರಿಯುತ್ತದೆ. ಅಲ್ಲಿ ಮನೆ ಮಾಡಿರುವ ನಾಯಕರಲ್ಲಿ ಒಬ್ಬರಾದರೂ ತಮ್ಮ ಬೀದಿಯ ಮಕ್ಕಳಿಗೆ ಈ ಕಥೆ ಹೇಳಿದ್ದಾರೆಯೇ?

ಫ್ರೀಡಂ ಪಾರ್ಕಿಗೆ ಹೋಗಿದ್ದೀರಾ? ಅದು ಹಳೆಯ ಸೆಂಟ್ರಲ್ ಜೈಲು. 1975ರ ಜೂನ್ 26ರಂದು ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಈ ಊರಿನಲ್ಲೇ ಇದ್ದರು. ಸಂಸದೀಯ ಸಮಿತಿಯ ಸಭೆಗೆ ಬಂದಿದ್ದರು. ಇಲ್ಲೇ ಬಂಧನ ಆಯಿತು. ತುರ್ತುಪರಿಸ್ಥಿತಿಯ ಆ ಭಯದಲ್ಲೂ ಅವರ ಪರ ನಮ್ಮ ಹೈಕೋರ್ಟಿಗೆ ಅರ್ಜಿ ಹೋಯಿತು. ವಕೀಲ ರಾಮಾ ಜೋಯಿಸರು ಅದಕ್ಕಾಗಿ ದುಡಿದರು. ಮುಂದೆ ಅವರನ್ನೂ ಅದೇ ಜೈಲಿಗೆ ಹಾಕಿದರು. ಬಂಧನವನ್ನು ಪ್ರಶ್ನಿಸುವ ಹಕ್ಕು ತುರ್ತುಪರಿಸ್ಥಿತಿಯಲ್ಲೂ ಇದೆ ಅಂದ ದೇಶದ ಒಂಬತ್ತು ಹೈಕೋರ್ಟುಗಳಲ್ಲಿ ನಮ್ಮದೂ ಒಂದು. 1976ರಲ್ಲಿ ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿತು, ಆ ಮಾತು ಬೇರೆ. ಅಂಥ ಹೊತ್ತಿನಲ್ಲಿ ಸೇತುವೆ ಕಟ್ಟಬಲ್ಲವರು ಬೇಕಾದಷ್ಟು ಜನ ಇದ್ದರು. ಬೇಕಾಗಿದ್ದದ್ದು "ಇವರನ್ನು ಯಾವ ಕಾನೂನಿನಲ್ಲಿ ಒಳಗೆ ಹಾಕಿದಿರಿ?" ಅಂತ ಕೇಳಬಲ್ಲವರು.

ಕಾರ್ಕಳದ ಕಡೆಯ ಕೆ.ಎಸ್. ಹೆಗ್ಡೆಯವರನ್ನು ಇಲ್ಲಿ ನೆನೆಯದೆ ಮುಂದೆ ಹೋಗಲಾರೆ. ವಕೀಲರಾಗಿದ್ದರು, ರಾಜ್ಯಸಭೆಯಲ್ಲಿದ್ದರು, ಆಮೇಲೆ ನ್ಯಾಯಮೂರ್ತಿ. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳ ಮೊಕದ್ದಮೆಯಲ್ಲಿ, ಸಂವಿಧಾನದ ಮೂಲ ರಚನೆಗೆ ಸಂಸತ್ತು ಕೈ ಹಚ್ಚುವಂತಿಲ್ಲ ಅಂದ ಏಳು ಜನರಲ್ಲಿ ಒಬ್ಬರು. 1973ರ ಏಪ್ರಿಲ್‌ನಲ್ಲಿ ಆ ತೀರ್ಪು ಬಂದದ್ದೇ ತಡ, ಅವರನ್ನೂ ಇನ್ನಿಬ್ಬರನ್ನೂ ದಾಟಿಸಿ ಕಿರಿಯರೊಬ್ಬರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದರು. ಹೆಗ್ಡೆ ರಾಜೀನಾಮೆ ಕೊಟ್ಟರು. 1977ರಲ್ಲಿ ಬೆಂಗಳೂರು ದಕ್ಷಿಣದ ಜನ ಅವರನ್ನು ಗೆಲ್ಲಿಸಿ ಕಳಿಸಿದರು. ಲೋಕಸಭೆಯ ಸ್ಪೀಕರ್ ಆದರು. ಒಂದು ಕಾಲದಲ್ಲಿ ಈ ಊರಿನ ಮತದಾರರಿಗೆ ಅಂಥ ಬೆನ್ನೆಲುಬಿನ ಬೆಲೆ ಗೊತ್ತಿತ್ತು.

ಈಗ ನನ್ನ ನಿಜವಾದ ಸಂಕಟಕ್ಕೆ ಬರುತ್ತೇನೆ. ಆಡಳಿತದಲ್ಲಿ ವಕೀಲರು ಜಾಸ್ತಿ ಅಂತ ನಿಮ್ಮ ದೂರು. ಅವರು ಇಲ್ಲವಲ್ಲ ಅಂತ ನನ್ನ ದೂರು. ಮೊದಲ ಲೋಕಸಭೆಯಲ್ಲಿ ಹೆಚ್ಚುಕಮ್ಮಿ ಮೂವರಲ್ಲಿ ಒಬ್ಬರು ವಕೀಲರು. 2019ರ ಲೋಕಸಭೆಯಲ್ಲಿ ಅದು ನೂರಕ್ಕೆ ನಾಲ್ಕೈದಕ್ಕೆ ಇಳಿದಿತ್ತು. 2021ರ ಸ್ವಾತಂತ್ರ್ಯ ದಿನದಂದು ಆಗಿನ ಮುಖ್ಯ ನ್ಯಾಯಮೂರ್ತಿ ರಮಣ ಅವರೂ ಇದನ್ನೇ ಹೇಳಿ ನೊಂದುಕೊಂಡರು. ಸದನದಲ್ಲಿ ಚರ್ಚೆ ಸತ್ತಿದೆ, ಕಾನೂನುಗಳಲ್ಲಿ ಸ್ಪಷ್ಟತೆ ಇಲ್ಲ, ವಕೀಲರು ಸಾರ್ವಜನಿಕ ಬದುಕಿಗೆ ಬರಬೇಕು ಅಂದರು. ಆ ಖಾಲಿ ಜಾಗ ಹಿಡಿದವರು ಯಾರು ಅಂತ ನಾನು ಬಿಡಿಸಿ ಹೇಳಬೇಕೇ? ಮಸೂದೆಯ ಪ್ರತಿ ಓದದೆ ಕೈ ಎತ್ತುತ್ತಾರೆ. ಗದ್ದಲದ ನಡುವೆ ಮಸೂದೆ ಪಾಸಾಗುತ್ತದೆ. ಆಮೇಲೆ ಅದು ಹೈಕೋರ್ಟಿನಲ್ಲಿ ಬೀಳುತ್ತದೆ. ನೀವು ಬೈಯುವ ಸ್ಟೇಗಳಲ್ಲಿ ಎಷ್ಟೋ ಹುಟ್ಟುವುದು ಹೀಗೆ. 2016ರಲ್ಲಿ ಲೋಕಾಯುಕ್ತ ಪೊಲೀಸರ ಅಧಿಕಾರ ಕಿತ್ತು ಎಸಿಬಿ (ಭ್ರಷ್ಟಾಚಾರ ನಿಗ್ರಹ ದಳ) ಕಟ್ಟಿದರು. ಅದೂ ಬರೀ ಸರ್ಕಾರಿ ಆದೇಶದ ಮೇಲೆ. ಅದನ್ನು ಪ್ರಶ್ನಿಸಿದವರಲ್ಲಿ ಬೆಂಗಳೂರು ವಕೀಲರ ಸಂಘವೂ ಇತ್ತು. 2022ರ ಆಗಸ್ಟಿನಲ್ಲಿ ಹೈಕೋರ್ಟು ಎಸಿಬಿಯನ್ನು ರದ್ದು ಮಾಡಿತು. ಲೋಕಾಯುಕ್ತಕ್ಕೆ ಹಲ್ಲು ವಾಪಸ್ ಬಂತು. ಇದರಲ್ಲಿ ವಕೀಲರಿಗೆ ಫೀಸು ಹುಟ್ಟುವ ಮಾತೇ ಇರಲಿಲ್ಲ.

ರಾಜಕಾರಣ ಬಿಟ್ಟು ಅಧಿಕಾರಿಗಳು, ತಾಂತ್ರಿಕರು ಊರು ನಡೆಸಲಿ ಅಂದಿರಲ್ಲ, ಅದು ನಡೆದೇ ಹೋಯಿತು ಸ್ವಾಮಿ. 2020ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಸದಸ್ಯರ ಅವಧಿ ಮುಗಿಯಿತು. ಡಿಸೆಂಬರಿನಲ್ಲಿ ಹೈಕೋರ್ಟು ಚುನಾವಣೆ ಮಾಡಿ ಅಂತ ಆದೇಶ ಕೊಟ್ಟಿತು. ಸರ್ಕಾರ ಸುಪ್ರೀಂ ಕೋರ್ಟಿಗೆ ಓಡಿ ತಡೆ ತಂದಿತು. 2025ರಲ್ಲಿ ಪಾಲಿಕೆಯನ್ನೇ ಐದು ಹೋಳು ಮಾಡಿದಾಗಲೂ ಊರಿಗೆ ಒಬ್ಬ ಕಾರ್ಪೊರೇಟರ್ ಇರಲಿಲ್ಲ. ಆಡಳಿತಾಧಿಕಾರಿ, ಕಮಿಷನರ್, ಚೀಫ್ ಎಂಜಿನಿಯರ್, ಇವರದೇ ರಾಜ್ಯ. ನಿಮ್ಮ ಮನೆಯ ಮುಂದಿನ ಗುಂಡಿ ಮುಚ್ಚಿತೇ? ಗುಂಡಿಗೆ ಬಿದ್ದು ಪೆಟ್ಟಾದವರು ಪಾಲಿಕೆಯಿಂದ ಪರಿಹಾರ ಕೇಳಬಹುದು ಅಂತ 2019ರಲ್ಲಿ ಹೇಳಿಸಿದ್ದು ಕೂಡ ನೀವು ಬೈಯುವ ಒಂದು ಪಿಐಎಲ್.

ಮೊಮ್ಮಗಳ ವಿಷಯದಲ್ಲಿ ನಿಮ್ಮ ಮೇಲೆ ಸ್ವಲ್ಪ ಕೋಪವೇ ಬಂದಿದೆ. ಓದಬೇಕು ಅನ್ನುವ ಹುಡುಗಿಯನ್ನು ತಡೆಯಬೇಡಿ. ನಾಗರಬಾವಿಯಲ್ಲಿ, ನಿಮ್ಮ ಮನೆಗೆ ಹತ್ತಿರದಲ್ಲೇ, ದೇಶವೇ ನೋಡುವ ಕಾನೂನು ಶಾಲೆ ಇದೆ. 1987ರಲ್ಲಿ ಶುರುವಾದದ್ದು. ಅಲ್ಲಿಂದ ಹೊರಬರುವ ಎಷ್ಟೋ ಬುದ್ಧಿವಂತ ಮಕ್ಕಳು ನೇರ ಕಾರ್ಪೊರೇಟ್ ಸಂಸ್ಥೆಗಳಿಗೆ ಹೋಗುತ್ತಾರೆ ಅನ್ನುವುದು ನನ್ನ ಕೊರಗು. ಆದರೆ ಮಕ್ಕಳನ್ನು ಬೈದು ಏನು ಬಂತು? ಸೀನಿಯರ್ ಆಫೀಸಿನಲ್ಲಿ ಜೂನಿಯರ್ ಆಗಿ ಸೇರಿದವರಿಗೆ ಬಸ್ಸಿನ ಖರ್ಚು ಹುಟ್ಟಿದರೆ ಹೆಚ್ಚು. ನಗರದಲ್ಲಿ ತಿಂಗಳಿಗೆ ಕನಿಷ್ಠ 20,000, ಹಳ್ಳಿ ಕಡೆ 15,000 ಕೊಡಿ ಅಂತ 2024ರಲ್ಲಿ ಬಾರ್ ಕೌನ್ಸಿಲ್ ಆಫ್ ಇಂಡಿಯಾ ಸಲಹೆ ಮಾಡಿತು. ಸಲಹೆ ಅಷ್ಟೇ, ಕಡ್ಡಾಯ ಅಲ್ಲ. ಅನುಕೂಲ ಇರುವ ಮನೆಯ ಮಕ್ಕಳು ಮಾತ್ರ ಕರಿ ಕೋಟು ಹಾಕುವ ಹಾಗಾದರೆ, ಕೂಲಿಯವರ ಸಂಕಟ ಕೋರ್ಟಿಗೆ ಹೇಳುವವರು ಯಾರು?

ನಮ್ಮೂರಿನಲ್ಲಿ ಒಬ್ಬರು ವಕೀಲರಿದ್ದರು. ಸಂಜೆ ಜಗುಲಿಯ ಮೇಲೆ ಕೂತು, ಯಾರು ನೋಟಿಸ್ ಹಿಡಿದು ಬಂದರೂ ಕನ್ನಡದಲ್ಲಿ ಓದಿ ಅರ್ಥ ಹೇಳುತ್ತಿದ್ದರು. ಅರ್ಧ ಜಗಳಗಳು ಆ ಜಗುಲಿಯಲ್ಲೇ ಮುಗಿಯುತ್ತಿದ್ದವು. ಅಂಥವರು ಈಗಲೂ ತಾಲ್ಲೂಕು ತಾಲ್ಲೂಕಿನಲ್ಲಿ ಇದ್ದಾರೆ. ಅವರ ಸುದ್ದಿ ಬೆಂಗಳೂರಿನ ಪತ್ರಿಕೆಗಳಿಗೆ ಬರುವುದಿಲ್ಲ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಕಸ್ಟಡಿಯಲ್ಲಿ ಇರುವವರು, ಇವರಿಗೆಲ್ಲ ಆದಾಯ ಎಷ್ಟೇ ಇರಲಿ, ಸರ್ಕಾರದ ಖರ್ಚಿನಲ್ಲಿ ವಕೀಲರು ಸಿಗಬೇಕು ಅಂತ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯೇ ಹೇಳುತ್ತದೆ. ನಮ್ಮ ಓದುಗರಲ್ಲೇ ಎಷ್ಟು ಜನಕ್ಕೆ ಇದು ಗೊತ್ತಿದೆಯೋ.

ಹಾಗಾಗಿ ನಿಮ್ಮ ಪತ್ರದಿಂದ ಒಂದು ಕೆಲಸ ಆಯಿತು. ತಾಲ್ಲೂಕು ಕೋರ್ಟುಗಳಲ್ಲಿ ಕೆಲಸ ಮಾಡುವ ವಕೀಲರಿಂದ ನಮ್ಮ ಪತ್ರಿಕೆಗೆ ಬರೆಸಬೇಕು ಅಂತ ತೀರ್ಮಾನ ಮಾಡಿದ್ದೇವೆ. ಅವರು ಹಿಡಿದ ಕೇಸು, ಸೋತದ್ದು, ಗೆದ್ದದ್ದು, ಕಾಸು ತೆಗೆದುಕೊಳ್ಳದೆ ವಕಾಲತ್ತು ಹಾಕಿದ್ದು, ಯಾವುದಾದರೂ ಸರಿ. ಈ ಪುಟ ಓದುವ ವಕೀಲರು ಎರಡು ಪುಟ ಮೀರದಂತೆ ಬರೆದು ಕಳಿಸಲಿ. ಕಕ್ಷಿದಾರರ ಹೆಸರು ಮಾತ್ರ ಬೇಡ.