ಬಾಕಿ ಉಳಿದ 75 ಅಧ್ಯಾಯಗಳು

ಚಳ್ಳಕೆರೆಯ ಎಣ್ಣೆ ಗಿರಣಿಯೊಂದರಲ್ಲಿ ಲೆಕ್ಕ ಬರೆಯುವ ಸಹೋದರಿಯೊಬ್ಬರ ಪತ್ರದ ಸಾರಾಂಶ: ‘ವಾರದ ದಿನಗಳಲ್ಲಿ ಮೂರು, ಭಾನುವಾರ ಐದು ಅಧ್ಯಾಯಗಳಂತೆ ವರ್ಷದೊಳಗೆ ಸತ್ಯವೇದವನ್ನು (ಬೈಬಲನ್ನು) ಓದಿ ಮುಗಿಸಬೇಕೆಂದು ಜನವರಿ 1ರಂದು ಆರಂಭಿಸಿದೆ. ಅದರ ಮೂರನೆಯ ಪುಸ್ತಕವಾದ ಯಾಜಕಕಾಂಡದ 4ನೆಯ ಅಧ್ಯಾಯ ಮುಗಿಸಿದ ದಿನ ಅತ್ತೆಯವರು ಆಸ್ಪತ್ರೆ ಸೇರಿದರು. ಆಮೇಲೆ 23 ದಿನ ಪುಸ್ತಕ ತೆರೆಯಲಾಗಲಿಲ್ಲ. 75 ಅಧ್ಯಾಯಗಳು ಬಾಕಿ ಬಿದ್ದಿವೆ. ಈಗ ಓದಲು ಕುಳಿತರೆ ಸಾಲಗಾರಳೆಂಬ ಅಳುಕೇ ಹೆಚ್ಚು. ಅಕ್ಷರ ಕಲಿಯದೆ, ಶೇಂಗಾ ಹೊಲಗಳಲ್ಲಿ ಕೊಯ್ಲಿನ ನಂತರ ಉಳಿದ ಹಕ್ಕಲು ಆಯ್ದು ಮಕ್ಕಳನ್ನು ಸಾಕಿದ ಅತ್ತೆಯವರಿಗೆ ಇರುವ ನೆಮ್ಮದಿ ನನಗೇಕಿಲ್ಲ? ದೇವರ ಕೃಪೆ ನನ್ನಿಂದ ದೂರವಾಯಿತೇ?’

ಪ್ರಿಯ ಸಹೋದರಿಯವರಿಗೆ ವಂದನೆಗಳು.

ನಿಮ್ಮ ಪತ್ರವನ್ನು ಓದುವಾಗ ‘ಬಾಕಿ’ ಎಂಬ ಮಾತಿನ ಮೇಲೆ ನನ್ನ ಕಣ್ಣು ನಿಂತಿತು. ಗಿರಣಿಯ ಖಾತೆಗೆ ಅದು ತಕ್ಕ ಮಾತು. ಸತ್ಯವೇದದ ಓದಿಗೂ ಅದನ್ನೇ ತಂದರೆ ಓದು ದೇವರಿಗೆ ಕಟ್ಟಬೇಕಾದ ಕಂತಾಗಿ, ಕೃಪೆ ಆ ಕಂತಿಗೆ ಸಿಗುವ ರಸೀದಿಯಾಗಿಬಿಡುತ್ತದೆ. ಆದ್ದರಿಂದ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ಕೃಪೆ ದೂರವಾಗಿಲ್ಲ, ಆ 75 ಅಧ್ಯಾಯಗಳನ್ನು ಅವಸರದಲ್ಲಿ ಓದಿ ಲೆಕ್ಕ ಸರಿದೂಗಿಸಲು ಹೋಗಬೇಡಿ.

ಇಂಥ ಪಟ್ಟಿಗಳನ್ನು ಮಾಡಿದವರೇ ಈ ತೊಂದರೆಯನ್ನು ಮುಂಚೆ ಕಂಡಿದ್ದರು. ಸ್ಕಾಟ್ಲೆಂಡಿನ ಡಂಡೀ ಪಟ್ಟಣದ ಸಭಾಪಾಲಕ ರಾಬರ್ಟ್ ಮರ್ರೆ ಮೆಕ್‌ಶೇನ್ 1842ರ ಕೊನೆಯಲ್ಲಿ ತಮ್ಮ ಸಭೆಯವರಿಗಾಗಿ ವಾರ್ಷಿಕ ಓದಿನ ಪಟ್ಟಿಯನ್ನು ಸಿದ್ಧಪಡಿಸಿದಾಗ, ಅದರ ಪ್ರಯೋಜನಗಳಿಗಿಂತ ಮೊದಲು ಅಪಾಯಗಳನ್ನೇ ಬರೆದರು: ಓದು ಬರಿಯ ವಾಡಿಕೆಯಾಗಬಹುದು, ‘ನಾನು ಓದಿದೆ’ ಎಂಬ ಸ್ವನೀತಿ ಬೆಳೆಯಬಹುದು, ಗಮನವಿಲ್ಲದೆ ಪುಟಗಳು ಮಗುಚಬಹುದು, ಕೆಲವರಿಗೆ ಅದು ಹೊರಲಾರದ ನೊಗವಾಗಬಹುದು. ಮರುವರ್ಷ, ತಮ್ಮ 29ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಪಟ್ಟಿ ಇಂದಿಗೂ ಬಳಕೆಯಲ್ಲಿದೆ. ಆ ಎಚ್ಚರಿಕೆಯನ್ನು ಓದುವವರು ಮಾತ್ರ ಕಡಿಮೆ. ಇನ್ನು ನಮ್ಮ ಮಾತು: ಇಡೀ ಸತ್ಯವೇದ ಕನ್ನಡದಲ್ಲಿ ಅಚ್ಚಾಗಿ ಬಳ್ಳಾರಿಯಿಂದ ಹೊರಬಂದದ್ದು 1831ರಲ್ಲಿ. ಅಚ್ಚಿನ ಪುಸ್ತಕ ಮನೆಮನೆ ಸೇರುವ ಮುಂಚೆ ಲೋಕದ ಬಹುಪಾಲು ವಿಶ್ವಾಸಿಗಳು, ನಿಮ್ಮ ಅತ್ತೆಯವರ ಹಾಗೆಯೇ, ವಚನವನ್ನು ಕಿವಿಯಿಂದ ಪಡೆದವರು.

ನೀವು ನಿಂತ ಜಾಗ ಮಾತ್ರ ಅಷ್ಟು ಒಳ್ಳೆಯದಲ್ಲ. 4ನೆಯ ಅಧ್ಯಾಯದ ತುಂಬ ಹೋರಿ, ಹೋತ, ಆಡು, ಕುರಿಗಳ ಯಜ್ಞದ ನಿಯಮಗಳಿವೆ. ಅಲ್ಲಿಗೆ ಪುಸ್ತಕ ಮುಚ್ಚಿದವರಿಗೆ, ಇವೊಂದೂ ಇಲ್ಲದವನ ಗತಿಯೇನೆಂಬುದು ತಿಳಿಯುವುದೇ ಇಲ್ಲ. ಮುಂದಿನ ಅಧ್ಯಾಯದ 7ನೆಯ ವಚನವು, ಕುರಿ ತರಲಾರದವನು ಎರಡು ಬೆಳವಕ್ಕಿಗಳನ್ನಾಗಲಿ ಎರಡು ಪಾರಿವಾಳದ ಮರಿಗಳನ್ನಾಗಲಿ ತರಬಹುದೆನ್ನುತ್ತದೆ. 11ನೆಯ ವಚನವು, ಅದಕ್ಕೂ ಗತಿಯಿಲ್ಲದವನು ಒಂದಿಷ್ಟು ಹಿಟ್ಟು ತಂದರೆ ಸಾಕೆನ್ನುತ್ತದೆ. ಹಿಟ್ಟು ತಂದವನಿಗೂ ಕ್ಷಮೆಯಾಗುವುದೆಂದು 13ನೆಯ ವಚನ ಹೇಳುತ್ತದೆ. ಬಡವನೆಂದು ಅವನಿಗೆ ಅರ್ಧ ಕ್ಷಮೆಯಲ್ಲ. ಹೆರಿಗೆಯಾದ ಬಡ ತಾಯಿಗೂ 12ನೆಯ ಅಧ್ಯಾಯದಲ್ಲಿ ಈ ಹಕ್ಕಿಗಳ ಅನುಕೂಲವಿದೆ. ಶಿಶು ಯೇಸುವನ್ನು ಯೆರೂಸಲೇಮಿಗೆ ತಂದ ಮರಿಯಳ ಮನೆಯವರು ಅರ್ಪಿಸಬೇಕಾಗಿದ್ದ ಕಾಣಿಕೆಯೆಂದು ಲೂಕನು ತನ್ನ ಸುವಾರ್ತೆಯ 2ನೆಯ ಅಧ್ಯಾಯದಲ್ಲಿ ಹೆಸರಿಸುವುದು ಅದನ್ನೇ. ಕೃಪೆಯನ್ನು ಹುಡುಕುವವರು ಯಾಜಕಕಾಂಡವನ್ನು ದಾಟಿ ಓಡಿಬಿಡುವುದು ನನಗೆ ಯಾವಾಗಲೂ ವಿಚಿತ್ರವಾಗಿ ಕಾಣುತ್ತದೆ.

ಬೆಳೆ ಕೊಯ್ಯುವವನು ಹೊಲದ ಅಂಚಿನ ತನಕ ಕೊಯ್ಯದೆ, ಹಕ್ಕಲನ್ನೂ ಆಯದೆ, ಬಡವರಿಗೂ ಪರದೇಶಿಗಳಿಗೂ ಬಿಡಬೇಕೆಂಬ ನಿಯಮವೂ ಇದೇ ಕಾಂಡದ 19ನೆಯ ಅಧ್ಯಾಯದಲ್ಲಿದೆ. ಮೋವಾಬಿನ ವಿಧವೆ ರೂತಳು ಬೇತ್ಲೆಹೇಮಿನ ಜವೆಗೋದಿಯ ಹೊಲಕ್ಕೆ ಹೋದದ್ದು ಅದರ ಬಲದಿಂದ. ಸತ್ಯವೇದದಲ್ಲಿ ಅವಳ ಹೆಸರಿನಲ್ಲೇ ಇರುವ ಪುಸ್ತಕದ 2ನೆಯ ಅಧ್ಯಾಯದಲ್ಲಿ ‘ದಯೆ’ಯ ಮಾತು ಮೂರು ಸಲ ಅವಳ ಬಾಯಿಂದ ಬರುತ್ತದೆ, ಹೀಬ್ರೂ ಮೂಲದಲ್ಲಿ ಅದು ‘ಹೇನ್’, ಆದಿಕಾಂಡದಲ್ಲಿ ನೋಹನಿಗೆ ದೊರಕಿತೆನ್ನುವ ಕೃಪೆಯೂ ಅದೇ. ಹೊಲದೊಡೆಯನಾದ ಬೋವಜನು ತನ್ನ ಆಳುಗಳಿಗೆ, ಸಿವುಡುಗಳಿಂದ ಬೇಕೆಂದೇ ತೆನೆಗಳನ್ನು ಎಳೆದು ಬಿಡಿರಿ, ಅವಳನ್ನು ಗದರಿಸಬೇಡಿರಿ ಎಂದು ಹೇಳುತ್ತಾನೆ. ಆ ಮಾತು ರೂತಳ ಕಿವಿಗೆ ಬಿತ್ತೆಂದು ಕಥೆ ಎಲ್ಲಿಯೂ ಹೇಳುವುದಿಲ್ಲ. ಅವಳು ಸಂಜೆಯ ತನಕ ಬಗ್ಗಿ ಆಯ್ದಳು, ಬಡಿದಳು, ಹೆಚ್ಚುಕಡಿಮೆ ಒಂದು ಏಫಾ (ಆ ಕಾಲದ ಧಾನ್ಯದ ಅಳತೆ) ಕಾಳು ಸಿಕ್ಕಿತು. ಬಗ್ಗಿದ ಬೆನ್ನು ಅವಳದು. ತೆನೆ ಬಿದ್ದಿದ್ದದ್ದು ಇನ್ನೊಬ್ಬನ ಅಪ್ಪಣೆಯಿಂದ.

ದಿನನಿತ್ಯದ ಓದನ್ನು ನಾನು ಕಾಣುವುದು ಹೀಗೆ. ಹೊಲಕ್ಕೆ ಹೋಗದೆ ಹಕ್ಕಲು ಸಿಗದು, ಆದಕಾರಣ ಓದನ್ನು ಬಿಡಿ ಎಂದು ನಾನು ಹೇಳಲಾರೆ. ಆದರೆ ಹೋಗಲಾಗದ 23 ದಿನಗಳ ತೆನೆಗೆ ಒಡೆಯನು ಲೆಕ್ಕ ಕೇಳುವುದಿಲ್ಲ. ಆ ದಿನಗಳಲ್ಲಿ ನೀವು ಅತ್ತೆಯವರ ಮಂಚದ ಪಕ್ಕದಲ್ಲಿದ್ದಿರಿ. ರೂತಳು ಆಯ್ದುಕೊಂಡು ಹೋದದ್ದೂ ಅತ್ತೆಗಾಗಿಯೇ.

ನಾಳೆ ಯಾಜಕಕಾಂಡದ 5ನೆಯ ಅಧ್ಯಾಯದಿಂದ, ದಿನಕ್ಕೆ ಒಂದೇ ಅಧ್ಯಾಯದಂತೆ, ಓದಿರಿ. ಒಟ್ಟು 1,189 ಅಧ್ಯಾಯಗಳಿರುವುದರಿಂದ ಇಡೀ ಪುಸ್ತಕಕ್ಕೆ ಮೂರೂಕಾಲು ವರ್ಷ ಹಿಡಿಯುತ್ತದೆ, ಹಿಡಿಯಲಿ. ಅದಕ್ಕೂ ಮುಂಚೆ ಒಂದು ಸಂಜೆ ರೂತಳ 2ನೆಯ ಅಧ್ಯಾಯವನ್ನು ಅತ್ತೆಯವರಿಗೆ ಕೇಳುವಂತೆ ಗಟ್ಟಿಯಾಗಿ ಓದಿ, ಹಕ್ಕಲಿಗೆ ಹೋಗುತ್ತಿದ್ದಾಗ ತಮಗೂ ಹಾಗೆ ಬೇಕೆಂದೇ ಬಿಟ್ಟುಹೋದವರು ಇದ್ದರೇ ಎಂದು ಕೇಳಿರಿ. ಅವರು ಹೇಳಿದ್ದನ್ನು ನನಗೂ ಬರೆದು ತಿಳಿಸಿರಿ.